ಉತ್ತರ ಕೊಡದ ಎಪ್ಪತ್ತೊಂದು ಮನೆಗಳು

ಚಮಚ ಲೋಟದ ಅಂಚಿಗೆ ತಾಗಿದಷ್ಟೇ ಸದ್ದು. ಟಿಂಗ್. ರಾತ್ರಿ ಒಂದೂಮುಕ್ಕಾಲಿಗೆ ಅದು ದಿಂಬಿನ ಅಡಿಯಿಂದ ಬಂದಾಗ ಗಣೇಶಪ್ರಸಾದನ ಗೊರಕೆಯ ಲಯ ಕೂಡ ತಪ್ಪಲಿಲ್ಲ. ಅವನ ಹೆಂಡತಿ ಸೌದಾಮಿನಿ ಮಾತ್ರ ಸದ್ದು ಪೂರ್ತಿ ಮುಗಿಯುವ ಮೊದಲೇ ಎದ್ದು ಕೂತಿದ್ದಳು. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಮಲಗಿದ ಮೇಲೆ ಎರಡು ಸಲ ಎದ್ದು ಹೋಗಿ ನೋಡುವ ಹೆಂಗಸು ಅವಳು. ನಿದ್ದೆ ಬಂದರೂ ಒಂದು ಕಿವಿ ಎಚ್ಚರವಾಗಿಯೇ ಇರುತ್ತಿತ್ತು.

ಮೊಬೈಲಿನಲ್ಲಿ ಒಂದು ಸಾಲು: ‘ಭಟ್ಟರು ಲೆಕ್ಕ ನೋಡಿದರು. 438.’

ಭಟ್ಟರೆಂದರೆ ಅಡುಗೆಯ ಮಹಾಲಿಂಗ ಭಟ್ಟರು. ಪುತ್ತಿಗೆಯ ಒಂದು ಸಭಾಭವನದಲ್ಲಿ ಬೆಳಗಾದರೆ ಹರಿನಾರಾಯಣರ ಮಗಳು ಶ್ರೀವಾಣಿಯ ಮದುವೆ. ಮಧ್ಯಾಹ್ನಕ್ಕೆ ಎಷ್ಟು ಎಲೆ ಬೀಳುತ್ತದೆಂದು ಭಟ್ಟರಿಗೆ ಹೇಳುವುದು ‘ಎಲೆ ಲೆಕ್ಕ’ ಎಂಬ ಆಪಿನ ಕೆಲಸ. ಅದನ್ನು ಮಾಡಿದ್ದು ಕಾಸರಗೋಡು ಪೇಟೆಯ ಬೇಕರಿಯೊಂದರ ಮೇಲಿನ ಮಹಡಿಯಲ್ಲಿರುವ ಮೂರೇ ಜನರ ಕಂಪನಿ. ಯಜಮಾನ ಕೇಶವಪ್ರಸಾದ. ಕೋಡ್ ಬರೆಯುವವರು ಸೌದಾಮಿನಿ ಮತ್ತು ಮಂಗಲ್ಪಾಡಿಯ ವಿಜೇತ್. ಭಟ್ಟರು ಲೆಕ್ಕ ನೋಡಿದ ಕೂಡಲೇ ತನ್ನ ಫೋನಿಗೆ ಸುದ್ದಿ ಬರಬೇಕೆಂಬ ಏರ್ಪಾಟು ಸೌದಾಮಿನಿಯದೇ. ಅವರು ನೋಡಿದರೋ ಇಲ್ಲವೋ ಎಂದು ಯೋಚಿಸುತ್ತಾ ಬೆಳಗು ಮಾಡುವುದಕ್ಕಿಂತ ಒಂದು ಟಿಂಗ್ ವಾಸಿ.

ನೋಡಿದ್ದಾರೆ. ಸರಿ. ಅವಳು ಮತ್ತೆ ತಲೆಯಿಟ್ಟಳು. ಆಮೇಲೆ ತಲೆ ಎತ್ತಿದಳು.

ಹತ್ತು ಗಂಟೆಗೆ ಮಲಗುವಾಗ ಲೆಕ್ಕ ನಾನೂರ ನಲವತ್ತೊಂದು ಇತ್ತು. ಈಗ ನಾನೂರ ಮೂವತ್ತೆಂಟು. ಹೆಚ್ಚಾಗಬಹುದು, ಹಾಗೆಯೇ ನಿಲ್ಲಬಹುದು. ಕಡಿಮೆಯಾಗುವುದು ಹೇಗೆ? ಈ ಆಪಿನಲ್ಲಿ ‘ಬರುವುದಿಲ್ಲ’ ಎಂದು ಒತ್ತಲಿಕ್ಕೆ ಜಾಗವೇ ಇಲ್ಲವಲ್ಲ!

ಜಾಗ ಇಲ್ಲದ ಹಾಗೆ ಮಾಡಿಸಿದ್ದು ಭಟ್ಟರು. ಮೊದಲ ಸಲ ತೋರಿಸಿದಾಗ ಅವರು ಬೆರಳಿನಲ್ಲಿ ಪರದೆಯನ್ನು ಮುಟ್ಟದೆಯೇ ಆ ಗುಂಡಿಯತ್ತ ತೋರಿಸಿ, “ಇದೆಂತದ್ದು? ಶುಭಕಾರ್ಯಕ್ಕೆ ಹೇಳಿಕೆ ಹೋದಲ್ಲಿ ‘ಬರುವುದಿಲ್ಲ’ ಅಂತ ಬರೆದು ಕಳಿಸುವುದುಂಟೋ ಯಾರಾದ್ರೂ? ತೆಗೀರಿ ಇದನ್ನು” ಎಂದಿದ್ದರು. ಮಾತು ನಿಜ. ಈ ಕಡೆ ಮದುವೆಯ ಕರೆಗೆ ಯಾರೂ ಇಲ್ಲವೆನ್ನುವುದಿಲ್ಲ. ಬರಲಾಗದವರು ಸುಮ್ಮನಿರುತ್ತಾರೆ. ಹಾಗಾಗಿ ಗುಂಡಿ ಹೋಯಿತು. ಬರುವವರು ಎಷ್ಟು ಜನ ಎಂಬ ಅಂಕಿ ಮಾತ್ರ ಉಳಿಯಿತು. ಒಂದು ಮನೆಯಿಂದ ಏಳು ದಿನವೂ ಸುದ್ದಿ ಬಾರದಿದ್ದರೆ ಪ್ರೋಗ್ರಾಮ್ ಕಾಯುವುದನ್ನು ಬಿಟ್ಟು ಆ ಮನೆಗೆ ‘ಮೈನಸ್ ಒಂದು’ ಎಂದು ಗುರುತು ಹಾಕುತ್ತದೆ. ತಿಳಿಯಲಿಲ್ಲ ಎಂದು ಅದರ ಅರ್ಥ.

ಆ ಮೈನಸ್ ಒಂದೇ ಲೆಕ್ಕದೊಳಗೆ ಸೇರಿಕೊಂಡಿರಬಹುದೆಂದು ಸೌದಾಮಿನಿಗೆ ಹೊಳೆಯಿತು. ಅಡುಗೆಕೋಣೆಗೆ ಬಂದು, ಲ್ಯಾಪ್‌ಟಾಪ್ ತೆರೆದು, ಒಟ್ಟು ಕೂಡಿಸುವ ಸಾಲನ್ನು ಹುಡುಕಿದಳು. ಅಲ್ಲಿತ್ತು. ಮುಗ್ಧವಾದ ಒಂದು ಸಾಲು. ಪ್ರತಿ ಮನೆಯ ಅಂಕಿಯನ್ನು ತಂದು ಒಟ್ಟಿಗೆ ಸೇರಿಸುತ್ತಿತ್ತು. ಮೂರು ಜನ ಬರುತ್ತಾರೆಂದರೆ ಮೂರು. ಐದೆಂದರೆ ಐದು. ತಿಳಿಯಲಿಲ್ಲವೆಂದರೆ ಮೈನಸ್ ಒಂದು. ಅಂದರೆ ಸುಮ್ಮನಿದ್ದ ಪ್ರತಿ ಮನೆಯೂ ಬರುತ್ತೇನೆಂದವರಲ್ಲಿ ಒಬ್ಬೊಬ್ಬರನ್ನು ಎಲೆಯ ಮುಂದಿನಿಂದ ಎಬ್ಬಿಸಿ ಕಳಿಸುತ್ತಿತ್ತು.

ನಡುರಾತ್ರಿಗೆ ಏಳು ದಿನ ತುಂಬಿದ ಮೂರು ಮನೆ ಸೇರಿ ಸುಮ್ಮನಿದ್ದ ಮನೆಗಳು ಎಪ್ಪತ್ತೊಂದು. ಬರುತ್ತೇವೆಂದವರೇ ಐನೂರ ಒಂಬತ್ತು ಜನ.

ಎಪ್ಪತ್ತೊಂದು ಎಲೆ ಕಡಿಮೆ! ಬೇರೆ ಅಡುಗೆಯವರಾದರೆ ಹತ್ತಕ್ಕೆ ಒಂದರಂತೆ ಹೆಚ್ಚು ಹಾಕಿ ಹೇಗೋ ಸುಧಾರಿಸುತ್ತಿದ್ದರು. ಮಹಾಲಿಂಗ ಭಟ್ಟರೂ ಮೂವತ್ತು ವರ್ಷ ಹಾಗೆಯೇ ಮಾಡಿದವರು. ಆದರೆ ಕಳೆದ ವಾರ ಅವರು, “ಹೆಚ್ಚು ಹಾಕ್ಬೇಕೋ ಅಕ್ಕ? ಉಳಿದ ಅನ್ನವನ್ನು ಗುಂಡಿ ತೋಡಿ ಹಾಕುವಾಗ ನನ್ನ ಹೊಟ್ಟೆ ಉರೀತದೆ” ಎಂದಾಗ ಸೌದಾಮಿನಿ ಹೇಳಿದ್ದಳು: “ಬೇಡ ಮಹಾಲಿಂಗಣ್ಣ. ಕಣ್ಣು ಮುಚ್ಚಿ ನಂಬಿ.” ಆಯುಷ್ಯದಲ್ಲಿ ಅವಳು ಯಾರಿಗೂ, ಯಾವುದರ ಬಗ್ಗೆಯೂ ಹಾಗೆ ಹೇಳಿದವಳಲ್ಲ. ಹೇಳಿದ್ದು ಅದೊಂದೇ ಸಲ.

ಭಟ್ಟರಿಗೆ ಫೋನ್ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೊಮ್ಮೆ. ಇನ್ನೊಮ್ಮೆ. ಅಡುಗೆಗೆ ಇಳಿಯುವಾಗ ಅವರು ಅಂಗಿ ಕಳಚಿ ಮೊಳೆಗೆ ಸಿಕ್ಕಿಸುತ್ತಾರೆ, ಫೋನು ಅಂಗಿಯ ಕಿಸೆಯಲ್ಲೇ ಇರುತ್ತದೆ.

ಆಮೇಲೆ ವಿಜೇತ್‌ಗೆ ಮಾಡಿದಳು. ಅವನು ಎತ್ತಿದ, ಆದರೆ ಎಚ್ಚರವಾಗಿರಲಿಲ್ಲ.

“ಯಾರು ಸತ್ರು?” ಎಂದ.

“ಯಾರೂ ಇಲ್ಲ ಮಾರಾಯ. ಎಲೆ ಲೆಕ್ಕ ತಪ್ಪಿದೆ. ನೀನು ಮೈನಸ್ ಒಂದನ್ನು ನೋಡದೆ ಹಾಗೇ ಕೂಡಿಸಿದ್ದಿ.”

ಅತ್ತ ಮಂಚ ಕಿರುಗುಟ್ಟಿತು. “ನಾನಾ? ಇರ್ಲಿಕ್ಕಿಲ್ಲ ಅಕ್ಕ... ಇರ್ಲೂಬಹುದು. ಆದ್ರೆ ಮನೆಯ ಅಂಕಿ ತರುವ ನಿಮ್ಮ ಫಂಕ್ಷನ್ ಯಾಕೆ ಮೈನಸ್ ಒಂದು ಕೊಡ್ತದೆ? ಎಕ್ಸೆಪ್ಶನ್ ಎಸೀಬೇಕಿತ್ತು. ಎಸೆದಿದ್ರೆ ಮೊದಲ ದಿನವೇ ಪ್ರೋಗ್ರಾಮ್ ಬಿದ್ದು ಬೊಬ್ಬೆ ಹಾಕ್ತಿತ್ತು. ನಮಗೆ ಗೊತ್ತಾಗ್ತಿತ್ತು.”

“ಬಿದ್ದಿದ್ರೆ ಭಟ್ರಿಗೆ ಲೆಕ್ಕವೇ ಸಿಗ್ತಿರ್ಲಿಲ್ಲ.”

“ತಪ್ಪು ಲೆಕ್ಕಕ್ಕಿಂತ ಇಲ್ಲದ ಲೆಕ್ಕ ಒಳ್ಳೇದು!”

ಈ ಜಗಳ ಹೊಸತಲ್ಲ. ಆರು ತಿಂಗಳಿನಿಂದ ಬೇಕರಿಯ ಮೇಲಿನ ಮಹಡಿಯಲ್ಲಿ ಚಹಾದ ಹೊತ್ತಿಗೆಲ್ಲ ನಡೆಯುತ್ತಿದ್ದದ್ದೇ. ಕೊಟ್ಟ ಕೆಲಸ ಕೆಟ್ಟರೆ ಅದನ್ನು ತಿಳಿಸುವುದು ಹೇಗೆ? ಸೌದಾಮಿನಿಯ ಪ್ರಕಾರ, ಕಳಿಸಿದವನ ಬಳಿಗೆ ಹಿಂದೆ ಬಂದು ಮೆಲ್ಲಗೆ ಹೇಳಬೇಕು: ಇಗೋ ಉತ್ತರ, ಅಥವಾ ಇಗೋ ಉತ್ತರ ಸಿಗಲಿಲ್ಲ ಎಂಬ ಗುರುತು. ಕಳಿಸಿದವನು ಪ್ರತಿ ಸಲವೂ ಆ ಗುರುತನ್ನು ನೋಡಬೇಕು. ಅವಳಿಗೆ ನೋಡುವುದರಲ್ಲಿ ಬೇಸರವೇನಿಲ್ಲ, ಬೀಗವನ್ನು ಮೂರು ಸಲ ಜಗ್ಗಿ ನೋಡುವವಳು. ವಿಜೇತ್ ಹೇಳುವುದು ಬೇರೆ: ಮನುಷ್ಯ ಅಷ್ಟು ಸಲ ನೋಡುವುದಿಲ್ಲ, ಮರೆಯುತ್ತಾನೆ. ಕೆಟ್ಟಲ್ಲಿಂದಲೇ ಕೂಗು ಎಬ್ಬಿಸಬೇಕು, ಎಕ್ಸೆಪ್ಶನ್ ಎಂದರೆ ಅದೇ. ನಡುವಿನವರನ್ನೆಲ್ಲ ದಾಟಿ, ಅದನ್ನು ಹಿಡಿದು ಏನಾದರೂ ಮಾಡಬಲ್ಲವನ ತನಕ ಆ ಕೂಗು ಹೋಗಬೇಕು. ಯಾರೂ ಹಿಡಿಯದಿದ್ದರೆ ಎಲ್ಲವೂ ನಿಲ್ಲಬೇಕು.

ಒಮ್ಮೆ ಭಟ್ಟರೇ ಆಫೀಸಿಗೆ ಬಂದಿದ್ದಾಗ ಕೇಶವಪ್ರಸಾದ ತಮಾಷೆಗೆ ನ್ಯಾಯ ಅವರ ಮುಂದಿಟ್ಟಿದ್ದ. ಭಟ್ಟರು ಬೇಕರಿಯ ಪಫ್ಸನ್ನು ಅನುಮಾನದಿಂದ ನೋಡುತ್ತಾ, “ಬಡಿಸುವವನ ಕೈಯಲ್ಲಿ ಸಾಂಬಾರು ಮುಗಿದರೆ ಒಲೆಯ ಹತ್ರ ಬಂದು ನನ್ನ ಕಿವಿಯಲ್ಲಿ ಹೇಳ್ಬೇಕು. ಊಟದ ಹಂತಿಯ ಮಧ್ಯೆ ನಿಂತು ಸಾಂಬಾರು ಮುಗೀತೋ ಅಂತ ಬೊಬ್ಬೆ ಹಾಕಿದ್ರೆ ನಾಳೆಯಿಂದ ಅವನು ಬೇಡ. ಅದೇ ಸಿಲಿಂಡರಿಗೆ ಬೆಂಕಿ ಹಿಡಿದ್ರೆ ಕಿವಿಯಲ್ಲಿ ಹೇಳ್ಲಿಕ್ಕೆ ಬರ್ಬಾರ್ದು” ಎಂದಿದ್ದರು. ಇಬ್ಬರೂ ತಾನೇ ಗೆದ್ದೆನೆಂದುಕೊಂಡರು. ಆಮೇಲೆ ಒಂದು ವಾರ ಎಲ್ಲ ಎಕ್ಸೆಪ್ಶನ್ ಎಂದು ತೀರ್ಮಾನವಾಯಿತು. ಮರುವಾರ ಬೇಡ, ಗುರುತನ್ನೇ ಕೊಡುವ ಎಂದು ತಿರುಗಿತು. ಕೊನೆಗೆ ಕೇಶವಪ್ರಸಾದ, “ಅರ್ಧ ಅದು ಅರ್ಧ ಇದು ಮಾಡಿ, ನನ್ನ ತಲೆ ತಿನ್ಬೇಡಿ” ಎಂದು ಎದ್ದು ಹೋದ.

“ಈಗ ವಾದ ಬೇಡ,” ಎಂದಳು ಸೌದಾಮಿನಿ. “ಆ ಸಾಲನ್ನು ನೀನು ಸರಿ ಮಾಡು. ನಾನು ಪುತ್ತಿಗೆಗೆ ಹೋಗ್ತೇನೆ.”

“ಈ ಹೊತ್ತಿಗೆ? ಒಬ್ರೇ? ಸರ್‌ಗೆ ಹೇಳ್ಲಾ?”

“ಸರ್ ಬಂದು ಎಂತ ಮಾಡ್ತಾರೆ, ಬೆಂಡೆಕಾಯಿ ಹೆಚ್ತಾರಾ?”

ಗಂಡನನ್ನು ಎಬ್ಬಿಸಿದರೆ ಅವನು ಮೊದಲು ಕನ್ನಡಕ ಹುಡುಕುತ್ತಾನೆ, ಆಮೇಲೆ ಪ್ರಶ್ನೆ ಕೇಳುತ್ತಾನೆ, ಆಮೇಲೆ ಕಾರಿನ ಕೀ ಹುಡುಕುತ್ತಾನೆ. ಅಷ್ಟು ಹೊತ್ತಿಲ್ಲ. ‘ಆಫೀಸಿನ ಕೆಲಸ. ಗಾಬರಿ ಬೇಡ’ ಎಂದು ಒಂದು ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದಳು. ನೋಡದಿದ್ದರೆ ಎಂದು ಇನ್ನೊಂದನ್ನು ಬಾತ್‌ರೂಮಿನ ಕನ್ನಡಿಗೆ ಅಂಟಿಸಿದಳು. ‘ಗಾಬರಿ ಬೇಡ’ ಎಂಬುದನ್ನು ಓದಿಯೇ ಅವನು ಗಾಬರಿಯಾಗಬಹುದೆಂದು ಹೊಳೆದು ಎರಡನ್ನೂ ಕಿತ್ತು ‘ಆಫೀಸಿನ ಕೆಲಸ’ ಎಂದಷ್ಟೇ ಬರೆದಳು. ಹೆಲ್ಮೆಟ್ ಹಾಕಿಕೊಂಡು ಸ್ಕೂಟರ್ ಹೊರಗೆ ತೆಗೆದಳು. ಗೇಟಿನ ಬೀಗವನ್ನು ಈ ಸಲ ಒಮ್ಮೆ ಮಾತ್ರ ಜಗ್ಗಿದಳು.

ಅವಳ ಮನೆಯಿರುವ ಕುಂಬಳೆಯಿಂದ ಪುತ್ತಿಗೆಗೆ ಇಪ್ಪತ್ತು ನಿಮಿಷದ ದಾರಿ. ಹಗಲಿನಲ್ಲೂ ತಿರುವಿನಲ್ಲಿ ಹಾರ್ನ್ ಒತ್ತಿ, ನಿಧಾನ ಮಾಡಿ, ಮತ್ತೆ ಹಾರ್ನ್ ಒತ್ತುವ ಸೌದಾಮಿನಿ ಅಂದು ಹೇಗೆ ಹೋದಳೆಂದು ಅವಳಿಗೇ ಆಮೇಲೆ ನೆನಪಿರಲಿಲ್ಲ. ದಾರಿಯುದ್ದಕ್ಕೂ ಕಣ್ಣೆದುರು ಇದ್ದದ್ದು ಒಂದೇ ಚಿತ್ರ. ಕೊನೆಯ ಹಂತಿ. ಹಾಕಿದ ಎಲೆ, ಅದಕ್ಕೆ ಚಿಮುಕಿಸಿದ ನೀರು, ಉಪ್ಪು. ಎದುರಿಗೆ ಕುಳಿತ ಎಪ್ಪತ್ತು ಜನ. ಬರಿಗೈಯಲ್ಲಿ ನಿಂತ ಮಹಾಲಿಂಗಣ್ಣ. ಮೂವತ್ತು ವರ್ಷದ ಹೆಸರು ಒಂದು ಮಧ್ಯಾಹ್ನಕ್ಕೆ ಮುಗಿಯುತ್ತದೆ, ತನ್ನ ಮಾತನ್ನು ನಂಬಿದ್ದಕ್ಕೆ.

ಸಭಾಭವನದ ಹಿಂದಿನ ಅಡುಗೆಮನೆಯಲ್ಲಿ ಹಬ್ಬದಂಥ ಬೆಳಕಿತ್ತು. ಇಬ್ಬರು ತೆಂಗಿನಕಾಯಿ ತುರಿಯುತ್ತಿದ್ದರು, ನಾಲ್ವರು ಮೆಟ್ಟುಕತ್ತಿಯ ಮುಂದೆ ಕೂತು ಚೀನಿಕಾಯಿ ಹೋಳು ಮಾಡುತ್ತಿದ್ದರು. ಮಹಾಲಿಂಗ ಭಟ್ಟರು ಹೆಗಲಿಗೆ ಬೈರಾಸು ಹಾಕಿಕೊಂಡು, ಪಾಯಸದ ಕೊಪ್ಪರಿಗೆಯ ಎದುರು ಯಜಮಾನನ ಹಾಗೆ ನಿಂತಿದ್ದರು. ಎಲ್ಲ ಸರಿ. ಸರಿಯಿಲ್ಲದ್ದು ಒಂದೇ: ಅವರ ಪಕ್ಕದಲ್ಲೇ ಸ್ಟೂಲಿನ ಮೇಲೆ ಕಾಫಿ ಕುಡಿಯುತ್ತಾ, ನಿದ್ದೆಯಿಲ್ಲದ ಕಣ್ಣಿನಲ್ಲಿ ಎಲ್ಲರನ್ನೂ ನೋಡುತ್ತಾ, ಹುಡುಗಿಯ ತಂದೆ ಹರಿನಾರಾಯಣರು ಕೂತಿದ್ದರು.

ಬಾಯಿಗೆ ಬಂದ ಮಾತನ್ನು ಸೌದಾಮಿನಿ ಬಾಗಿಲಲ್ಲೇ ನುಂಗಿಕೊಂಡಳು. ಕೂಗಬೇಕೆಂದೇ ಬಂದವಳು. ಸ್ಕೂಟರ್ ನಿಲ್ಲಿಸುವ ತನಕ ‘ಒಲೆ ಹಚ್ಚಬೇಡಿ’ ಎಂದು ಕೂಗುವ ಸಿದ್ಧತೆಯಲ್ಲೇ ಇದ್ದವಳು. ಆದರೆ ಮಗಳ ಮದುವೆಯ ದಿನ, ಮೂರನೇ ಕಾಫಿಯಲ್ಲಿರುವ ತಂದೆಯ ತಲೆಯ ಮೇಲೆ ಇದನ್ನು ಎಸೆದರೆ ಅವರು ಏನು ಮಾಡಿಯಾರು?

“ಮಹಾಲಿಂಗಣ್ಣ, ಒಂದು ನಿಮಿಷ.”

ಭಟ್ಟರು ತಿರುಗಿ ನೋಡಿದರು. ಹೆಲ್ಮೆಟ್ ತೆಗೆಯಲೂ ಮರೆತ ಹೆಂಗಸು. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಸೌಟನ್ನು ಪಕ್ಕದವನ ಕೈಗೆ ಕೊಟ್ಟು, “ಬೆಲ್ಲ ಈಗ ಹಾಕ್ಬೇಡ” ಎಂದು ಹೇಳಿ, ಹೊರಗಿನ ನಳ್ಳಿಯ ಹತ್ತಿರ ಬಂದರು.

ಅವಳು ಹೇಳಿದಳು. ಸುತ್ತುಬಳಸದೆ, ಮೂರೇ ವಾಕ್ಯದಲ್ಲಿ. ಲೆಕ್ಕ ತಪ್ಪಾಗಿದೆ. ಬರುತ್ತೇವೆಂದವರೇ ಐನೂರ ಒಂಬತ್ತು. ತಪ್ಪು ನಮ್ಮದು.

ಭಟ್ಟರು ನಳ್ಳಿ ತಿರುಗಿಸಿ ಕೈ ತೊಳೆದರು. ತೊಳೆದ ಕೈಯನ್ನು ಮತ್ತೆ ತೊಳೆದರು.

“ಏನೂ ಹೇಳದ ಮನೆ ಎಷ್ಟು ಅಂದ್ರಿ?”

“ಎಪ್ಪತ್ತೊಂದು.”

“ಓದಿ.”

“ಎಂತ?”

“ಮನೆ ಹೆಸರು ಓದಿ ಅಕ್ಕ. ಹೇಳದೆ ಕೂತವರು ಅಂದ್ರೆ ಬಾರದವರು ಅಂತ ನೀವು ಮಾಡಿಕೊಂಡದ್ದು. ಅದು ಹಾಗಲ್ಲ.”

ಅವಳು ಫೋನ್ ನೋಡಿ ಓದತೊಡಗಿದಳು. ಮೊದಲನೆಯದೇ ಹರಿನಾರಾಯಣರ ಅಕ್ಕ ವೆಂಕಟಲಕ್ಷ್ಮಿಯ ಮನೆ.

“ಅವರು ಹೇಳ್ಲಿಕ್ಕುಂಟೋ? ತಮ್ಮನ ಮಗಳ ಮದುವೆಗೆ ಎಷ್ಟು ಜನ ಬರ್ತೀರಿ ಅಂತ ಕೇಳಿದ್ದಕ್ಕೆ ಈಗಾಗ್ಲೇ ಮುಖ ಊದಿಸಿಕೊಂಡಿರ್ತಾರೆ. ಒಂಬತ್ತು ಹಾಕಿ. ಮುಂದೆ?”

ಮುಂದಿನದು ಶರತ್ಚಂದ್ರ ಎಂಬವರ ಮನೆ.

“ಅಲ್ಲಿ ಸೂತಕ. ಬರುವ ಹಾಗಿಲ್ಲ, ಹೇಳುವ ಹಾಗೂ ಇಲ್ಲ. ಮುಂದೆ.”

“ಲೋಲಾಕ್ಷಿ, ಬೇಳ.”

“ಟೀಚರು. ಒಬ್ರೇ ಬರ್ತೇನೆ ಅಂತಾರೆ, ಜೊತೆಗೆ ಇಡೀ ಸ್ಟಾಫ್ ರೂಮ್ ಬರ್ತದೆ. ಆರು.”

ಹಾಗೆ ಎಪ್ಪತ್ತೊಂದು ಮನೆಯೂ ಆಯಿತು. ಅವಳು ಓದಿದಳು, ಅವರು ಅಂಕಿ ಹೇಳಿದರು. ಕೆಲವು ಹೆಸರಿಗೆ ತಲೆಯಾಡಿಸಿದರು, ಒಂದಕ್ಕೆ ನಕ್ಕರು, ಇನ್ನೊಂದಕ್ಕೆ “ಪಾಪ” ಎಂದಷ್ಟೇ ಹೇಳಿ ಮುಂದೆ ಹೋದರು. ಹತ್ತಿರದವರೇ ಹೆಚ್ಚು ಸುಮ್ಮನಿದ್ದರು. ಬಂದೇ ಬರುವವರಿಗೆ ಬರುತ್ತೇವೆಂದು ಹೇಳುವುದು ಅವಮಾನ. ಇಷ್ಟು ದೊಡ್ಡ ವಿಷಯ ತನ್ನ ಫಂಕ್ಷನ್ನಿನ ಒಂದು ಮೈನಸ್ ಒಂದರಲ್ಲಿ ಹೇಗೆ ಹಿಡಿಯಬೇಕಿತ್ತು? ವಿಜೇತ್ ಹೇಳುವಂತೆ ಅದನ್ನು ಎಸೆದಿದ್ದರೂ ಹಿಡಿಯುವವರು ಯಾರಿದ್ದರು? ಮನೆಯ ಹೆಸರು ಗೊತ್ತಿರುವ ಈ ಮನುಷ್ಯನ ತನಕ ಪಟ್ಟಿಯನ್ನೇ ಕಳಿಸಬೇಕಿತ್ತು. ಅಷ್ಟೇ.

“ನೂರ ಹದಿನೆಂಟು,” ಎಂದಳು ಕೂಡಿಸಿ. ಕೂಡಿಸಿದ್ದನ್ನು ಮತ್ತೊಮ್ಮೆ ಕೂಡಿಸಿದಳು. “ಒಟ್ಟು ಆರುನೂರ ಇಪ್ಪತ್ತೇಳು.”

“ಹ್ಞೂಂ.” ಭಟ್ಟರು ಆಕಾಶ ನೋಡಿದರು, ಗಂಟೆ ನೋಡುವವರ ಹಾಗೆ. “ಮೂರಾಯ್ತಲ್ಲ. ಕುಂಬಳೆಗೆ ತರಕಾರಿ ಲಾರಿ ನಾಲ್ಕಕ್ಕೆ ಬರ್ತದೆ. ಅಕ್ಕಿ ಇಲ್ಲೇ ಉಂಟು. ತೆಂಗಿನಕಾಯಿ ಇವರ ತೋಟದ್ದೇ. ಆರು ಗಂಟೆಗೆ ಬಂದು ಹೇಳಿದ್ರೆ ನಾನು ಈ ನಳ್ಳಿಯಲ್ಲೇ ತಲೆ ಕೊಡ್ಬೇಕಿತ್ತು. ಈಗ ಆಗ್ತದೆ.”

ಒಳಗೆ ಹೋಗಿ ಅವರು ಸಹಾಯಕರಲ್ಲಿ ಒಬ್ಬನ ಕಿವಿಯಲ್ಲಿ ಏನೋ ಹೇಳಿದರು. ಅವನು ಜೀಪಿನ ಕೀ ತೆಗೆದುಕೊಂಡು ಹೊರಟ.

“ಎಲ್ಲಿಗೆ ಇವ ಈ ಹೊತ್ತಿಗೆ?” ಹರಿನಾರಾಯಣರು ಸ್ಟೂಲಿನಿಂದ ಅರ್ಧ ಎದ್ದರು.

“ತರಕಾರಿಗೆ.”

“ತರಕಾರಿ ನಿನ್ನೆಯೇ ಬಂತಲ್ಲ ಮಹಾಲಿಂಗಣ್ಣ!”

“ನಿನ್ನೆ ಬಂದದ್ದು ನಿನ್ನೆಯದ್ದು. ನೀವು ಹೋಗಿ ಸ್ವಲ್ಪ ಮಲಗಿ ಮಾರಾಯ್ರೆ, ಧಾರೆ ಎರೆಯುವಾಗ ತೂಕಡಿಸಿದ್ರೆ ಫೋಟೋದಲ್ಲಿ ಬೀಳ್ತದೆ.”

ಅವರು ಗೊಣಗುತ್ತಾ ಹೋದರು. ಸೌದಾಮಿನಿ ಹೆಲ್ಮೆಟ್ ತೆಗೆದು ಜಗಲಿಯಲ್ಲಿ ಕುಳಿತು ಫೋನಿನಲ್ಲೇ ಕೋಡ್ ತೆರೆದಳು. ವಿಜೇತ್ ಆಗಲೇ ಸರಿ ಮಾಡಿದ್ದ. ತಿದ್ದುಪಡಿ ಚೊಕ್ಕವಾಗಿತ್ತು. ಹಳೆಯ ಸಾಲನ್ನು ಯಾರು ಯಾವಾಗ ಬರೆದದ್ದೆಂದು ಕೋಡಿನ ಚರಿತ್ರೆಯಲ್ಲಿ ಸಿಗುತ್ತದೆ. ನೋಡುವ ಅಗತ್ಯವಿರಲಿಲ್ಲ. ಆದರೂ ನೋಡಿದಳು, ನೋಡದೆ ಇರುವುದು ಅವಳಿಂದಾಗದು.

ಸಾಲಿನ ಪಕ್ಕದಲ್ಲಿ ಅವಳದೇ ಹೆಸರಿತ್ತು.

ತಾರೀಕು ನೋಡಿದಾಗ ಎಲ್ಲ ನೆನಪಾಯಿತು. ವಿಜೇತ್ ರಜೆಯಲ್ಲಿದ್ದ. ಎಲ್ಲವನ್ನೂ ಎಕ್ಸೆಪ್ಶನ್ ಮಾಡುವುದೆಂದು ತೀರ್ಮಾನವಾಗಿದ್ದ ವಾರ ಅದು. ಇನ್ನು ಮೈನಸ್ ಒಂದು ಬರುವುದೇ ಇಲ್ಲ, ಕೆಟ್ಟರೆ ಹೇಗೂ ಕೂಗುತ್ತದಲ್ಲ ಎಂದು ಅವಳು ಪರೀಕ್ಷೆಯಿಲ್ಲದೆ ಕೂಡಿಸಿದ್ದಳು. ಒಮ್ಮೆ ಮಾತ್ರ. ಮರುವಾರ ತೀರ್ಮಾನ ತಿರುಗಿತು, ಸಾಲು ಅಲ್ಲೇ ಉಳಿಯಿತು. ಮೂರು ಸಲ ಬೀಗ ಜಗ್ಗುವವಳು ಬಾಗಿಲನ್ನೇ ಹಾಕಿರಲಿಲ್ಲ!

ವಿಜೇತ್‌ಗೆ ಫೋನ್ ಮಾಡಿದಳು. ಇದು ಅವನಿಗೆ ತಲುಪಲೇಬೇಕು. ಬೈಸಿಕೊಂಡವನು ಅವನು.

“ವಿಜೇತ್, ಆ ಸಾಲು ನಂದು.”

“ಗೊತ್ತುಂಟು ಅಕ್ಕ. ಸರಿ ಮಾಡುವಾಗ ನೋಡಿದೆ.”

“ಮತ್ತೆ ಹೇಳ್ಲಿಲ್ಲ ಯಾಕೆ?”

“ನೀವು ಆಗ ಸ್ಕೂಟರಲ್ಲಿ ಇದ್ರಿ. ಆ ಹೊತ್ತಿಗೆ ಬೊಬ್ಬೆ ಹಾಕಿದ್ರೆ ಚರಂಡಿಗೆ ಬೀಳ್ತಿದ್ರಿ.” ಅವನು ಆಕಳಿಸಿದ. “ಎಕ್ಸೆಪ್ಶನ್ ಎಸೆಯುವವನಿಗೂ ಸ್ವಲ್ಪ ಬುದ್ಧಿ ಇರ್ತದೆ.”

“ಸಾರಿ ಮಾರಾಯ.”

“ಸಾರಿ ಎಲ್ಲ ಬೇಡ. ಹೋಳಿಗೆ ಉಂಟಾ ಅಲ್ಲಿ? ನಾಲ್ಕು ಕಟ್ಟಿಸಿಕೊಂಡು ಬನ್ನಿ.”

ಅವಳು ಹಿಂತಿರುಗಲು ಹೊರಟರೆ ಭಟ್ಟರು ಬಿಡಲಿಲ್ಲ. ಕೂತು ಬೀನ್ಸಿನ ನಾರು ತೆಗೆಯಿರಿ ಎಂದರು. ಏಳು ಗಂಟೆಗೆ ಗಣೇಶಪ್ರಸಾದ ಫೋನ್ ಮಾಡಿ, “ಎಲ್ಲಿದ್ದಿ? ಕನ್ನಡಿಯಲ್ಲಿ ಚೀಟಿ ಯಾಕೆ?” ಎಂದ. “ಆಫೀಸಿನ ಕೆಲಸ” ಎಂದಳು. “ಆಫೀಸಿನಲ್ಲಿ ಯಾರೋ ಕಾಯಿ ತುರಿಯುತ್ತಾ ಇದ್ದಾರಲ್ಲ?” ಎಂದ. “ಮನೆಗೆ ಬಂದು ಹೇಳ್ತೇನೆ” ಎಂದು ಇಟ್ಟಳು.

ಮಧ್ಯಾಹ್ನ ಮೂರು ಹಂತಿಯಲ್ಲಿ ಆರುನೂರ ಮೂವತ್ತೆರಡು ಎಲೆ ಬಿತ್ತು. ಕೊನೆಯ ಹಂತಿಗೂ ಪಾಯಸ ಎರಡನೇ ಸಲ ಬಂತು. ಟೀಚರೊಂದಿಗೆ ಆರಲ್ಲ, ಎಂಟು ಜನ ಬಂದಿದ್ದರು. ಹರಿನಾರಾಯಣರು ಬೆವರು ಒರೆಸಿಕೊಳ್ಳುತ್ತಾ ನೆಂಟರ ನಡುವೆಯೇ ಭಟ್ಟರ ಕೈ ಹಿಡಿದರು. “ಕಡಿಮೆಯೂ ಆಗ್ಲಿಲ್ಲ, ಉಳಿದದ್ದೂ ಇಲ್ಲ. ಹೇಗೆ ಮಾರಾಯ್ರೆ?”

“ನನ್ನದೆಂತ ಉಂಟು? ಲೆಕ್ಕ ಈ ಅಕ್ಕನದ್ದು,” ಎಂದು ಭಟ್ಟರು ಅವಳ ಕಡೆ ತೋರಿಸಿ ಮಜ್ಜಿಗೆಯ ಪಾತ್ರೆ ನೋಡಲು ಹೋಗಿಬಿಟ್ಟರು.

ಹತ್ತಾರು ಮುಖಗಳು ಅವಳ ಕಡೆ ತಿರುಗಿದವು. ಹಾಗಲ್ಲ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದು, ಮಜ್ಜಿಗೆಯ ಕಡೆ ಬಗ್ಗಿದ ಆ ಬೆನ್ನನ್ನು ಕಂಡು ನಿಂತಿತು. ಹೇಳಿದರೆ ಈ ಮನೆಯಿಂದ ಆ ಮನೆಗೆ ಹೋಗುವ ಸುದ್ದಿ ತನ್ನ ಕೋಡಿನದಾಗಿರುವುದಿಲ್ಲ. ಮಹಾಲಿಂಗ ಭಟ್ಟರ ಅಡುಗೆಯಲ್ಲಿ ಊಟ ಕಡಿಮೆಯಾಗುವುದರಲ್ಲಿತ್ತಂತೆ ಎಂದಾಗಿರುತ್ತದೆ. ಮುಂದಿನ ಪ್ರತಿ ಮದುವೆಯಲ್ಲೂ ಯಾರಾದರೊಬ್ಬರು ಬಂದು ಅವರ ಕೊಪ್ಪರಿಗೆಯೊಳಗೆ ಇಣುಕುತ್ತಾರೆ.

ಕೈ ತೊಳೆಯುವಷ್ಟರಲ್ಲಿ ಕೇಶವಪ್ರಸಾದನ ಫೋನ್ ಬಂತು. ದನಿಯಲ್ಲೇ ಹಿಗ್ಗಿತ್ತು. “ಹರಿನಾರಾಯಣಣ್ಣ ಈಗ ಫೋನ್ ಮಾಡಿದ್ರು. ಲೆಕ್ಕ ಭಾರೀ ಸರಿ ಬಂತಂತಲ್ಲ! ಮತ್ತೆ, ನೀವೆಂತ ಅಲ್ಲಿ?”

ತಿಳಿಯಬೇಕಾದವರಿಗೆ ತಿಳಿದಿತ್ತು. ಒಬ್ಬರು ಒಲೆ ನೋಡಿಕೊಂಡಿದ್ದರು, ಇನ್ನೊಬ್ಬ ಸಾಲು ಸರಿ ಮಾಡಿದ್ದ. ಈಗ ಮೂರನೆಯವನಿಗೆ ಹೇಳಿದರೆ ತನ್ನ ಎದೆ ಹಗುರಾಗಬಹುದು. ಅದರ ಬೆಲೆ ಕೊಡುವುದು ತಾನಲ್ಲ, ಮಹಾಲಿಂಗಣ್ಣ.

“ಊಟಕ್ಕೆ ಕರೆದಿದ್ರು,” ಎಂದಳು. “ಸರ್, ಒಂದು ಬದಲಾವಣೆ ಮಾಡ್ಬೇಕು. ಉತ್ತರ ಕೊಡದ ಮನೆಗಳ ಹೆಸರೆಲ್ಲ ಅಡುಗೆಯವರಿಗೆ ಬೇರೆಯೇ ಪಟ್ಟಿಯಾಗಿ ಹೋಗ್ಬೇಕು. ಎರಡು ದಿನದ ಕೆಲಸ.”

“ಎಲ್ಲ ಸರಿ ಇರುವಾಗ ಅದು ಯಾಕೀಗ?”

“ಸುಮ್ಮನೆ. ಇದ್ರೆ ಒಳ್ಳೇದು.”

“ನಿಮ್ಮ ಹೆದರಿಕೆ ನಿಮಗೆ! ಮಾಡಿ ಮಾಡಿ,” ಎಂದು ಅವನು ನಕ್ಕ.

ಫೋನನ್ನು ಚೀಲಕ್ಕೆ ಹಾಕಿ ಅವಳು ಸ್ಕೂಟರಿನತ್ತ ನಡೆದಳು. ಸಂಜೆ ಗಂಡ ಕೇಳಿಯೇ ಕೇಳುತ್ತಾನೆ. ಮದುವೆ ಊಟ ಹೇಗಿತ್ತೆಂದು ಉದ್ದಕ್ಕೆ ಹೇಳಬಹುದು, ಪಾಯಸದಿಂದ ಶುರುಮಾಡಿ. ರಾತ್ರಿ ಏನಾಯಿತೆಂಬುದನ್ನು ಅವನಿಗೂ ಹೇಳುವುದು ಬೇಡವೆಂದು ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಾ ನಿಶ್ಚಯಿಸಿದಳು.